ಕಾಲರಾ ಕೀಲಿಯ ಸುದ್ದಿ, ಅದರ ಪಕ್ಕದ ಸುದ್ದಿ

ಸಂಪಾದಕರಿಗೆ ನಮಸ್ಕಾರ.

ನಾನು ಗಂಗಾವತಿಯವನು. ಮೂವತ್ತೊಂದು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತನಾಗಿದ್ದೇನೆ. ರಕ್ತ, ಮೂತ್ರ, ಕಫ, ಮಲ, ಇವುಗಳ ನಡುವೆಯೇ ಆಯುಷ್ಯ ಕಳೆಯಿತು. ಹಾಗಾಗಿ ಈ ಪತ್ರದಲ್ಲಿ ಭೇದಿಯ ಮಾತು ಜಾಸ್ತಿ ಬರುತ್ತದೆ, ಬೆಳಗಿನ ಚಹಾ ಹಿಡಿದು ಕೂತವರು ಮೊದಲು ಚಹಾ ಮುಗಿಸಿ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಒಂದೇ ದಿನ ಎರಡು ಸುದ್ದಿ ಬಂದವು. ಒಂದು ಜಿಲ್ಲಾ ಪುಟದ್ದು: ಒಂದು ಊರಿನಲ್ಲಿ ವಾಂತಿಭೇದಿ, ಹಲವರು ಆಸ್ಪತ್ರೆಗೆ, ನೀರಿನ ಮಾದರಿ ಪರೀಕ್ಷೆಗೆ. ಆರು ಸಾಲು, ಅಷ್ಟೇ. ಇನ್ನೊಂದು ವಿಜ್ಞಾನದ ಅಂಕಣದ್ದು: ಕಾಲರಾ ರೋಗಾಣುವಿಗೆ ವಿಷ ತಯಾರಿಸಲು ಹೇಳುವ ಪ್ರೋಟೀನಿನ ಕೀಲಿ ಸಿಕ್ಕಿದೆ, ಒಂದು ಬಗೆಯ ಕೊಬ್ಬು ಅದನ್ನು ಕಟ್ಟಿಹಾಕುತ್ತದೆ, ಇನ್ನೇನು ಮದ್ದು ಬಂದೇ ಬಿಟ್ಟಿತು. ಇದಕ್ಕೆ ಅರ್ಧ ಪುಟ, ಹಸಿರು ನೀಲಿ ರಿಬ್ಬನ್ ಸುತ್ತಿದಂಥ ಚಿತ್ರ ಬೇರೆ.

ಎರಡು ದಿನ ಆಗಿರಲಿಲ್ಲ, ನಮ್ಮ ಓಣಿಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಕಾಲರಾಕ್ಕೆ ಒಳ್ಳೆಣ್ಣೆ ಮದ್ದು, ದಿನಕ್ಕೆ ಎರಡು ಚಮಚ, ಪೇಪರಿನಲ್ಲೇ ಬಂದಿದೆ. ಕೆಳಗೆ ನಿಮ್ಮ ಅಂಕಣದ ಫೋಟೊ. ಮರುದಿನ ಎದುರುಮನೆಯ ಹೆಣ್ಣುಮಗಳು ಬಂದು, "ಅಣ್ಣಾರ, ನೀವು ಲ್ಯಾಬಿನ್ಯಾಗ ಇದ್ದೋರು, ಇದು ಖರೇನಾ? ಹುಡುಗಗ ನಿನ್ನಿಯಿಂದ ನೀರಿನಂಗ ಹೋಗಾಕತ್ತೇತಿ, ಎರಡು ಸರ್ತಿ ಎಣ್ಣಿ ಕುಡಿಸೀನಿ" ಅಂದಳು. ನೀರು ಕುಡಿಸಿದೆಯಾ ಅಂತ ಕೇಳಿದೆ. "ಇಲ್ರಿ, ನೀರು ಕುಡಿಸಿದ್ರ ಮತ್ತ ಹೊಕ್ಕೇತಿ ಅಂತ ಬಿಟ್ಟೀನಿ" ಅಂದಳು. ಹುಡುಗನ ಕಣ್ಣು ಒಳಗೆ ಹೋಗಿದ್ದವು, ಹೊಟ್ಟೆಯ ಚರ್ಮ ಚಿವುಟಿದರೆ ನಿಧಾನ ಇಳಿಯುತ್ತಿತ್ತು. ಒಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈಗ ಅವನು ಆರಾಮ ಇದ್ದಾನೆ, ನಿನ್ನೆ ನಮ್ಮ ಗೇಟಿನ ಮೇಲೆ ಹತ್ತಿ ಜೋತಾಡಿ ಬೈಸಿಕೊಂಡ.

ಅಂಕಣ ಬರೆದವರದು ತಪ್ಪು ಅಂತ ನಾನು ಹೇಳುವುದಿಲ್ಲ. ಎಣ್ಣೆ ಕುಡಿಯಿರಿ ಅಂತ ಅವರು ಎಲ್ಲೂ ಬರೆದಿಲ್ಲ. ಆದರೆ ಅರ್ಧ ಕಥೆ ಬರೆದರು, ಉಳಿದರ್ಧವನ್ನು ಓಣಿ ಬರೆದುಕೊಂಡಿತು. ಪೂರ್ತಿ ಕಥೆ ಕೇಳಿದ್ದರೆ ಎಣ್ಣೆಯ ಮಾತೇ ಏಳುತ್ತಿರಲಿಲ್ಲ. ಆ ಕಥೆ ನಿಮ್ಮ ಚಿತ್ರಕ್ಕಿಂತ ಚೆಂದ ಇದೆ, ಸ್ವಲ್ಪ ಜಾಗ ಕೊಡಿ, ಹೇಳುತ್ತೇನೆ.

ಮೊದಲಿಗೆ, ಇದು ಹೊಸ ಸುದ್ದಿಯಲ್ಲ. ಆ ಪ್ರೋಟೀನಿನ ಹೆಸರು ಟಾಕ್ಸ್-ಟಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ತಂಡ ಅದರ ರಚನೆಯನ್ನು ಪ್ರಕಟಿಸಿದ್ದು 2010ರಲ್ಲಿ. ಅದಕ್ಕಿಂತ ಐದು ವರ್ಷ ಮೊದಲೇ, 2005ರಲ್ಲಿ, ಹಾರ್ವರ್ಡ್‌ನ ಮೆಕಲಾನೋಸ್ ಅವರ ತಂಡ 50,000 ರಾಸಾಯನಿಕಗಳನ್ನು ಜರಡಿ ಹಿಡಿದು, ಇದೇ ಟಾಕ್ಸ್-ಟಿಯ ಕೈ ಕಟ್ಟುವ ವಿರ್‌ಸ್ಟಾಟಿನ್ ಎಂಬ ಅಣುವನ್ನು ಹುಡುಕಿತ್ತು. ಇಲಿಮರಿಗಳಲ್ಲಿ ಅದು ಕೆಲಸವನ್ನೂ ಮಾಡಿತು. ಇವತ್ತು ನಮ್ಮ ಗಾಂಧಿ ಸರ್ಕಲ್ಲಿನ ಔಷಧ ಅಂಗಡಿಗೆ ಹೋಗಿ ವಿರ್‌ಸ್ಟಾಟಿನ್ ಕೊಡಪ್ಪ ಅನ್ನಿ, ಅವನು ನಿಮ್ಮ ಮುಖ ನೋಡುತ್ತಾನೆ. ಕೀಲಿ ಸಿಗುವುದಕ್ಕೂ ಬಾಗಿಲು ತೆಗೆಯುವುದಕ್ಕೂ ನಡುವೆ ಇಷ್ಟು ವರ್ಷ ಹಿಡಿಯುತ್ತವೆ. ಇದನ್ನು ಒಂದು ಸಾಲಿನಲ್ಲಾದರೂ ಬರೆಯಬೇಕಿತ್ತು ಅಲ್ವಾ?

ಇನ್ನು ಸ್ಫಟಿಕದ ಮಾತು, ಪ್ರೋಟೀನಿನ ರಚನೆ ನೋಡಬೇಕಾದರೆ ಅವರು ಮೊದಲು ಅದನ್ನು ಸ್ಫಟಿಕ ಮಾಡಬೇಕಿತ್ತು. ನಮ್ಮ ಕಡೆ ಸ್ಫಟಿಕ ಅಂದರೆ ಪಟಿಕ. ಕಾಲುವೆಯ ಕೆಂಪು ನೀರು ತಂದ ದಿನ ನಮ್ಮವ್ವ ಕೊಡದೊಳಗೆ ಕೈಯಿಟ್ಟು ಪಟಿಕದ ಕಲ್ಲನ್ನು ನಾಲ್ಕು ಸುತ್ತು ಆಡಿಸುತ್ತಿದ್ದಳು, ಬೆಳಗಾಗುವುದರಲ್ಲಿ ಮಣ್ಣು ತಳಕ್ಕೆ, ಮೇಲೆ ತಿಳಿನೀರು. ಆ ಪಟಿಕವೂ ಒಂದು ಸ್ಫಟಿಕವೇ, ಕಲ್ಲುಸಕ್ಕರೆಯೂ ಸ್ಫಟಿಕವೇ. ಒಂದೇ ಬಗೆಯ ಅಣುಗಳು ಭತ್ತದ ನಾಟಿಯಂತೆ ಸಾಲು ಹಿಡಿದು ನಿಂತರೆ ಅದು ಸ್ಫಟಿಕ. ಪ್ರೋಟೀನನ್ನೂ ಹೀಗೆ ಸಾಲಿಗೆ ನಿಲ್ಲಿಸಬಹುದು, ಆದರೆ ಅದು ಸಕ್ಕರೆಯಂತೆ ಹೇಳಿದ ಮಾತು ಕೇಳುವ ಹುಡುಗನಲ್ಲ. ಸಾವಿರಾರು ಪರಮಾಣುಗಳಿಂದಾದ ಮೆತ್ತನೆಯ ಮುದ್ದೆ ಅದು, ಉಪ್ಪು ಒಂಚೂರು ಹೆಚ್ಚಾದರೂ ಹುಳಿ ಒಂಚೂರು ಕಡಿಮೆಯಾದರೂ ಮುನಿಸಿಕೊಂಡು ಗಸಿಯಾಗಿ ಕೂರುತ್ತದೆ. ನೂರಾರು ಹನಿಗಳಲ್ಲಿ ನೂರಾರು ಬಗೆಯ ಉಪ್ಪುನೀರು ಇಟ್ಟು ಕಾಯುತ್ತಾರೆ. ಒಂದರಲ್ಲಿ ಹರಳು ಕಟ್ಟಿದರೆ ಪುಣ್ಯ.

ಹರಳು ಸಿಕ್ಕ ಮೇಲೆ ಅದರ ಮೇಲೆ ಎಕ್ಸ್‌ರೇ ಬಿಡುತ್ತಾರೆ. ಕೈಕಾಲು ಮುರಿದಾಗ ತೆಗೆಯುವ ಎಕ್ಸ್‌ರೇಯಂತೆ ನೇರ ಚಿತ್ರ ಬರುವುದಿಲ್ಲ. ಕಿರಣಗಳು ಸಾಲುಸಾಲಾಗಿ ನಿಂತ ಅಣುಗಳಿಗೆ ಬಡಿದು ಚದುರಿ ಚುಕ್ಕೆಚುಕ್ಕೆಯಾಗಿ ಬೀಳುತ್ತವೆ, ರಂಗೋಲಿಯ ಚುಕ್ಕಿಗಳಂತೆ. ಯಾವ ಚುಕ್ಕಿ ಎಷ್ಟು ದಪ್ಪ ಎಂಬ ಲೆಕ್ಕದಿಂದ ರಂಗೋಲಿ ಏನಿತ್ತು ಅಂತ ಹಿಂದಕ್ಕೆ ಕಂಡುಹಿಡಿಯಬೇಕು. ಟಾಕ್ಸ್-ಟಿಯ ರಚನೆ 1.9 ಆಂಗ್‌ಸ್ಟ್ರಾಮ್ ಮಟ್ಟದಲ್ಲಿ ಸಿಕ್ಕಿತು. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿ, ಸುಮಾರು ಎರಡು ಪಾಲು ತೆಗೆದುಕೊಳ್ಳಿ, ಅಷ್ಟು ಸಣ್ಣದು. ಅಷ್ಟರಲ್ಲಿ ಪ್ರೋಟೀನಿನ ಒಂದೊಂದು ಕೊಂಡಿ ಎತ್ತ ತಿರುಗಿದೆ ಅಂತ ಕಾಣುತ್ತದೆ.

ಇಲ್ಲಿ ಒಂದು ಮಾತು, ವಿಷಯಕ್ಕೆ ಬೇಕಿಲ್ಲ, ಆದರೂ ಹೇಳುತ್ತೇನೆ. ಜಗತ್ತಿನಲ್ಲಿ ಯಾರು ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯಾಗಿದೆಯೇ ಅಂತ ನೋಡಲು ರಾಮಚಂದ್ರನ್ ನಕ್ಷೆಯ ಮುಂದೆ ಹಿಡಿಯುತ್ತಾರೆ. ಜಿ.ಎನ್. ರಾಮಚಂದ್ರನ್ ಅವರು ಮದ್ರಾಸಿನಲ್ಲಿ ತಮ್ಮ ಜೊತೆಗಾರರೊಂದಿಗೆ 1963ರಲ್ಲಿ ಕೊಟ್ಟ ನಕ್ಷೆ ಅದು. ಪ್ರೋಟೀನಿನ ಸರಪಳಿ ಯಾವ ಕೋನದಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂಬ ಲೆಕ್ಕ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅದಕ್ಕೇ ಒಂದು ವಿಭಾಗ ಕಟ್ಟಿದರು. ನಮ್ಮ ಪಿಯು ಹುಡುಗರಿಗೆ ಈ ಹೆಸರು ಗೊತ್ತಿರುವುದಿಲ್ಲ, ನೀಟ್ ಕೋಚಿಂಗ್ ಫೀಸು ಎಷ್ಟು ಅಂತ ಮಾತ್ರ ಬಾಯಿಪಾಠ.

ಸರಿ, ಮತ್ತೆ ಕಾಲರಾಕ್ಕೆ ಬರೋಣ. ಈ ರೋಗಾಣುವನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದೂ ಜೀವಂತ. ಅಕ್ಕಿ ತೊಳೆದ ಕಲಗಚ್ಚಿನಂಥ ಭೇದಿ (ಅಕ್ಕಿ ಮಿಲ್ಲುಗಳ ಊರಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ), ಅದರ ಒಂದು ಹನಿಯನ್ನು ಗಾಜಿನ ಮೇಲೆ ತಲೆಕೆಳಗಾಗಿ ತೂಗುಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಸಣ್ಣ ಕಡ್ಡಿ, ಹಿಂದೆ ಒಂದು ಬಾಲ, ಬಾಣ ಬಿಟ್ಟಂತೆ ಅತ್ತಿಂದಿತ್ತ ಓಡುತ್ತಿರುತ್ತದೆ. ನೋಡಿದವರು ಮರೆಯುವುದಿಲ್ಲ. ರಾತ್ರಿಯಿಡೀ ಬೆಳೆಸಿದರೆ ಬೆಳಿಗ್ಗೆ ಹಸಿರು ಅಗರ್ ತಟ್ಟೆಯ ಮೇಲೆ ಹಳದಿ ಚುಕ್ಕೆಗಳು. 1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತಾದಲ್ಲಿ ನೋಡಿದ್ದು ಇದನ್ನೇ.

ಮಜಾ ಏನೆಂದರೆ, ಹೊಳೆ, ಹಿನ್ನೀರು, ಕೆರೆಗಳಲ್ಲಿ ಇರುವಾಗ ಇದು ಪಾಪದ ಪ್ರಾಣಿ. ನೀರಿನ ಸಣ್ಣ ಹುಳುಗಳ ಮೈಗೆ ಅಂಟಿಕೊಂಡು ತನ್ನ ಪಾಡಿಗೆ ತಾನು ಬದುಕಿರುತ್ತದೆ, ವಿಷದ ಗೊಡವೆಗೆ ಹೋಗುವುದಿಲ್ಲ. ವಿಷ ತಯಾರಿಸಲು ಖರ್ಚು ಬರುತ್ತದೆ ನೋಡಿ, ಕೆರೆಯಲ್ಲಿ ಯಾರ ಮೇಲೆ ಪ್ರಯೋಗಿಸುವುದು? ಅದಕ್ಕೆ ವಿಷ ಬೇಕಾಗುವುದು ಮನುಷ್ಯನ ಸಣ್ಣ ಕರುಳಿನ ಗೋಡೆಗೆ ಹೋಗಿ ಅಂಟಿಕೊಂಡಾಗ ಮಾತ್ರ. ಹಾಗಾದರೆ ತಾನು ಎಲ್ಲಿದ್ದೇನೆ ಅಂತ ಕಣ್ಣು, ಮೂಗು, ಮಿದುಳು ಯಾವುದೂ ಇಲ್ಲದ ಈ ಜೀವಿಗೆ ಹೇಗೆ ತಿಳಿಯುತ್ತದೆ?

ಇಲ್ಲಿ ಟಾಕ್ಸ್-ಟಿ ಬರುತ್ತದೆ. ನನಗೆ ಅದು ನೀರುಗಂಟಿಯಂತೆ ಕಾಣುತ್ತದೆ. ಎಡದಂಡೆ ಕಾಲುವೆಯ ಬಾಳುವೆ ಕಂಡವರಿಗೆ ಗೊತ್ತು, ಮೇಲಿನವರ ಆದೇಶ ಎಷ್ಟೇ ಬರಲಿ, ಕೊನೆಗೆ ತೂಬಿನ ಕೀಲಿ ತಿರುಗಿಸುವವನು ಒಬ್ಬನೇ. ರೋಗಾಣುವಿನಲ್ಲಿ ಟಾಕ್ಸ್-ಆರ್ ಮತ್ತು ಟಿಸಿಪಿ-ಪಿ ಎಂಬ ಪ್ರೋಟೀನುಗಳು ಹೊರಗಿನ ಹವಾ ನೋಡಿ ಟಾಕ್ಸ್-ಟಿಯನ್ನು ತಯಾರಿಸಲು ಹೇಳುತ್ತವೆ. ಟಾಕ್ಸ್-ಟಿ ಡಿಎನ್‌ಎ ಮೇಲೆ ಕೂತು ಎರಡು ತೂಬು ತೆರೆಯುತ್ತದೆ. ಒಂದರಿಂದ ಕರುಳಿನಲ್ಲಿ ನೆಲೆಯೂರಲು ಬೇಕಾದ ಕೂದಲಿನಂಥ ಎಳೆಗಳು ಬರುತ್ತವೆ, ಇನ್ನೊಂದರಿಂದ ಕಾಲರಾ ವಿಷ.

ಟಾಕ್ಸ್-ಟಿ ಅನ್ನುವುದು ಅಮೈನೊ ಆಮ್ಲ ಎಂಬ 276 ಕೊಂಡಿಗಳ ಸಣ್ಣ ಪ್ರೋಟೀನು. ಎರಡು ಭಾಗ. ಒಂದು ಭಾಗ ಪೀಪಾಯಿಯಂತೆ ಸುತ್ತಿಕೊಂಡಿದೆ, ಇನ್ನೊಂದು ಭಾಗದಲ್ಲಿ ಡಿಎನ್‌ಎ ಹಿಡಿಯುವ ಬೆರಳುಗಳಿವೆ. ಡಾರ್ಟ್‌ಮತ್‌ನವರು ಹರಳಿನ ಚಿತ್ರ ಬಿಡಿಸಿ ನೋಡಿದಾಗ ಈ ಎರಡರ ನಡುವೆ, ಪೀಪಾಯಿಯ ಒಳಗೆ, ತಾವು ಇಡದ ಒಂದು ವಸ್ತು ಕೂತಿತ್ತು. ಉದ್ದ ಬಾಲದ ಒಂದು ಕೊಬ್ಬಿನ ಆಮ್ಲ. ಹದಿನಾರು ಇಂಗಾಲದ ಸರಪಳಿ, ನಡುವೆ ಒಂದು ಬಾಗು, ಹೆಸರು ಪಾಮಿಟೊಲಿಯಿಕ್ ಆಮ್ಲ. ಇವರು ಯಾರೂ ಹಾಕಿದ್ದಲ್ಲ. ಪ್ರೋಟೀನನ್ನು ಲ್ಯಾಬಿನಲ್ಲಿ ಇ-ಕೋಲೈ ಎಂಬ ಬೇರೊಂದು ಬ್ಯಾಕ್ಟೀರಿಯಾದೊಳಗೆ ಬೆಳೆಸುತ್ತಾರೆ, ಹೆಚ್ಚಾಗಿ ಅಲ್ಲಿಂದಲೇ ಅದು ಜೊತೆಗೆ ಬಂದಿದೆ, ತೊಳೆದು ಸೋಸಿ ಹರಳು ಕಟ್ಟುವವರೆಗೂ ಕೂತ ಜಾಗ ಬಿಡದೆ.

ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ. ನಾವು ಲ್ಯಾಬಿನಲ್ಲಿ ಬೇಡದ್ದು ಕಂಡರೆ ಸ್ಲೈಡು ಹೊಲಸಾಗಿದೆ ಅಂತ ತೊಳೆದುಬಿಡುತ್ತೇವೆ. ಅವರು ತೊಳೆಯಲಿಲ್ಲ, ಇದು ಇಲ್ಲಿ ಯಾಕೆ ಕೂತಿದೆ ಅಂತ ಕೇಳಿದರು. ನೋಡಿದರೆ ಆ ಕೊಬ್ಬಿನ ತಲೆಯನ್ನು ಪ್ರೋಟೀನಿನ ಒಂದು ಭಾಗದಿಂದ ಲೈಸೀನು ಎಂಬ ಒಂದು ಅಮೈನೊ ಆಮ್ಲ, ಇನ್ನೊಂದು ಭಾಗದಿಂದ ಇನ್ನೊಂದು ಲೈಸೀನು, ಎರಡೂ ಕಡೆಯಿಂದ ಹಿಡಿದುಕೊಂಡಿವೆ. ನೀರುಗಂಟಿಯ ಎರಡೂ ಕೈಗೆ ಒಂದೇ ಹಗ್ಗ ಸುತ್ತಿದಂತೆ. ಕೈ ಬಿಚ್ಚದೆ ಕೀಲಿ ಹಿಡಿಯುವುದು ಹೇಗೆ? ಪರೀಕ್ಷೆ ಮಾಡಿದರು, ಈ ಕೊಬ್ಬು ಹಾಕಿದರೆ ರೋಗಾಣು ಸಾಯುವುದಿಲ್ಲ, ವಿಷ ಮತ್ತು ಎಳೆಗಳ ತಯಾರಿಕೆ ಮಾತ್ರ ಇಳಿಯುತ್ತದೆ.

ಈಗ ಕರುಳಿಗೆ ಬನ್ನಿ. ಕರುಳಿನ ಕೊಳವೆಯ ಟೊಳ್ಳಿನಲ್ಲಿ ಪಿತ್ತರಸ ಹರಿಯುತ್ತಿರುತ್ತದೆ, ಅದರಲ್ಲಿ ಇಂಥ ಕೊಬ್ಬಿನ ಆಮ್ಲಗಳು ಇರುತ್ತವೆ. ಅಲ್ಲಿರುವಾಗ ನೀರುಗಂಟಿಯ ಕೈ ಕಟ್ಟಿರುತ್ತದೆ. ರೋಗಾಣು ಲೋಳೆಯ ಪದರ ಕೊರೆದುಕೊಂಡು ಗೋಡೆಯ ಹತ್ತಿರ ಹೋದಂತೆ ಕೊಬ್ಬು ಕಡಿಮೆ, ಗೋಡೆ ಸೂಸುವ ಬೈಕಾರ್ಬನೇಟ್ ಜಾಸ್ತಿ. ಆ ಬೈಕಾರ್ಬನೇಟ್ ಟಾಕ್ಸ್-ಟಿಗೆ ಹುರುಪು ಕೊಡುತ್ತದೆ ಅಂತಲೂ ಬೇರೆಯವರು ತೋರಿಸಿದ್ದಾರೆ. ಹಗ್ಗ ಜಾರುತ್ತದೆ, ಕೈ ಬಿಚ್ಚುತ್ತದೆ, ತೂಬು ತೆರೆಯುತ್ತದೆ. ಊರು ಬಂತು ಅಂತ ಅದಕ್ಕೆ ತಿಳಿಯುವುದು ಹೀಗೆ ಎಂಬುದು ಸಂಶೋಧಕರ ವಿವರಣೆ. ಮೈಲಿಗಲ್ಲು ಓದಿ ಅಲ್ಲ, ದಾರಿಯಲ್ಲಿ ಇದ್ದ ಒಂದು ವಾಸನೆ ನಿಂತುಹೋಗಿದ್ದರಿಂದ.

ಇನ್ನೊಂದು ತಮಾಷೆ. ಆ ವಿಷದ ಜೀನು ಅದರ ಸ್ವಂತದ್ದೂ ಅಲ್ಲ, ಎರವಲು ಒಡವೆ. ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್ ಅದನ್ನು ಹೊತ್ತು ತರುತ್ತದೆ ಅಂತ 1996ರಲ್ಲಿ ಗೊತ್ತಾಯಿತು. ಆ ವೈರಸ್ ಒಳಗೆ ಬರಲು ಹಿಡಿಯುವುದು ಯಾವುದನ್ನು ಅಂದರೆ, ಟಾಕ್ಸ್-ಟಿ ಬೆಳೆಸಿದ ಅದೇ ಕೂದಲಿನಂಥ ಎಳೆಗಳನ್ನು. ಒಂದೇ ನೀರುಗಂಟಿ ಊರಿಗೆ ನೀರನ್ನೂ ಬಿಡುತ್ತಾನೆ, ಕಳ್ಳನಿಗೆ ದಾರಿಯನ್ನೂ ತೋರಿಸುತ್ತಾನೆ.

ಹಾಗಾದರೆ ಎಣ್ಣೆ ಕುಡಿದರೆ ಕೈ ಕಟ್ಟಿದಂತೆ ಆಯಿತಲ್ಲ, ತಪ್ಪೇನು? ಓಣಿಯವರು ಕೇಳಿದ್ದು ಇದನ್ನೇ, ಮತ್ತು ಅದು ದಡ್ಡ ಪ್ರಶ್ನೆಯಲ್ಲ. ಉತ್ತರ ಏನೆಂದರೆ, ಭೇದಿ ಶುರುವಾಗುವ ಹೊತ್ತಿಗೆ ತೂಬು ತೆರೆದು ಆಗಿದೆ. ವಿಷ ಹೊರಬಿದ್ದು ಕರುಳಿನ ಜೀವಕೋಶದ ಒಳಗೆ ಹೋಗಿ ಕೂತಿದೆ. ಈಗ ರೋಗಾಣುವಿಗೆ ಏನು ಹೇಳಿ ಏನು ಪ್ರಯೋಜನ? 1959ರಲ್ಲಿ ಕಲ್ಕತ್ತಾದ ಶಂಭುನಾಥ ಡೇ ತೋರಿಸಿದ್ದು ಇದನ್ನೇ. ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೂ ರೋಗಾಣು ಇಲ್ಲದಂತೆ ಮಾಡಿ, ಮೊಲದ ಕರುಳಿಗೆ ಹಾಕಿದರು, ಆದರೂ ಕರುಳು ನೀರು ತುಂಬಿ ಉಬ್ಬಿತು. ಕೊಲ್ಲುವುದು ರೋಗಾಣುವಲ್ಲ, ಅದು ಬಿಟ್ಟ ವಿಷ. ಆ ಮನುಷ್ಯನಿಗೆ ಬದುಕಿದ್ದಾಗ ನಮ್ಮ ದೇಶದಲ್ಲಿ ಸಿಗಬೇಕಾದ ಗೌರವ ಸಿಗಲಿಲ್ಲ, ಅದು ಬೇರೆ ಪತ್ರಕ್ಕೆ ಆಗುವಷ್ಟು ಸಿಟ್ಟಿನ ವಿಷಯ.

ಮತ್ತೆ ನಾವು ತಿಂದ ಎಣ್ಣೆಯನ್ನು ಕರುಳು ಜೀರ್ಣಿಸಿ ಹೀರಿಕೊಳ್ಳುತ್ತದೆ. ಲ್ಯಾಬಿನ ಗಾಜಿನ ಕೊಳವೆಯಲ್ಲಿ ಅಳೆದು ಹಾಕಿದ ಕೊಬ್ಬಿಗೂ ಭೇದಿ ಹತ್ತಿದ ಮಗುವಿನ ಬಾಯಿಗೆ ಹಾಕಿದ ಒಳ್ಳೆಣ್ಣೆಗೂ ಸಂಬಂಧ ಕಟ್ಟಬಾರದು. ಮದ್ದು ಮಾಡುವವರು ಎಣ್ಣೆಯನ್ನಲ್ಲ, ಆ ಪೀಪಾಯಿಯೊಳಗೆ ಕೊಬ್ಬು ಬಾಗಿ ಕೂತ ಆಕಾರವನ್ನು ನೋಡಿ, ಅಲ್ಲೇ ಸರಿಯಾಗಿ ಕೂರುವ ಹೊಸ ಅಣುಗಳನ್ನು ಕಟ್ಟಿದ್ದಾರೆ. ರೋಗಾಣುವನ್ನು ಕೊಲ್ಲದೆ ಬರೀ ಸುಮ್ಮನಿರಿಸಿದರೆ ಅದು ಮದ್ದಿಗೆ ಬಗ್ಗದಂತೆ ಬದಲಾಗುವುದು ನಿಧಾನವಾದೀತು ಎಂಬುದು ಅವರ ಆಸೆ. ಆಸೆ ಒಳ್ಳೆಯದೇ. ಆದರೆ ಟಾಕ್ಸ್-ಟಿಯ 113ನೇ ಜಾಗದ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ವಿರ್‌ಸ್ಟಾಟಿನ್ ಆಟ ನಡೆಯುವುದಿಲ್ಲ ಅಂತ ಅದನ್ನು ಹುಡುಕಿದವರೇ 2005ರಲ್ಲಿ ಬರೆದಿದ್ದರು.

ಈಗ ನಿಮ್ಮ ಆರು ಸಾಲಿನ ಸುದ್ದಿಗೆ ಬರುತ್ತೇನೆ, ನಾನು ಪತ್ರ ಬರೆಯಲು ಕೂತದ್ದೇ ಅದಕ್ಕೆ.

ವಿಷ ಒಳಗೆ ಹೋಗಿ ಮಾಡುವ ಕೆಲಸ ಇಷ್ಟು. ಕರುಳಿನ ಕೋಶದ ಒಂದು ಸ್ವಿಚ್ಚನ್ನು ಆನ್ ಮಾಡಿ ಹಾಗೇ ಅಂಟಿಸಿಬಿಡುತ್ತದೆ. ಕ್ಲೋರೈಡ್ ಹೊರಗೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಜೋರಾದ ಕೇಸಿನಲ್ಲಿ ಗಂಟೆಗೆ ಒಂದು ಲೀಟರ್ ತನಕ ಹೋಗುತ್ತದೆ. ಸಾಯುವುದು ಇದರಿಂದ, ಬತ್ತಿ ಸಾಯುವುದು. ಆದರೆ ಆ ವಿಷ ಒಂದು ಬಾಗಿಲನ್ನು ಮುಟ್ಟುವುದಿಲ್ಲ. ಸಕ್ಕರೆ ಮತ್ತು ಉಪ್ಪು ಜೋಡಿಯಾಗಿ ಬಂದರೆ ಮಾತ್ರ ಒಳಗೆ ಬಿಡುವ ಬಾಗಿಲದು, 1960ರಲ್ಲಿ ವಿಜ್ಞಾನಿ ರಾಬರ್ಟ್ ಕ್ರೇನ್ ಹೇಳಿದ್ದು. ಬರೀ ನೀರು ಕುಡಿಸಿದರೆ ಸಾಲದು, ಬರೀ ಉಪ್ಪು ಕೊಟ್ಟರೆ ಹೋಗದು, ಬರೀ ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚುತ್ತದೆ. ಎರಡೂ ಅಳತೆಯಲ್ಲಿ ಬಂದರೆ ಅವು ಒಳಗೆ ಹೋಗುತ್ತವೆ, ಬೆನ್ನಿಗೆ ನೀರೂ ಹೋಗುತ್ತದೆ. ಭೇದಿ ನಡೆಯುತ್ತಿದ್ದರೂ ಕುಡಿಸಬೇಕು ಅನ್ನುವುದು ಇದಕ್ಕೇ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಾಗ ಕಾಲರಾ ಬಿತ್ತು, ಸಲೈನ್ ಬಾಟಲಿ ಮುಗಿದವು. ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತು ಜನ ಸಾಯುತ್ತಿದ್ದ ಕಡೆ ಸಾವು ನೂರಕ್ಕೆ ನಾಲ್ಕರ ಒಳಗೆ ಬಂತು. 2023ರಲ್ಲಿ ಅವರಿಗೆ ಪದ್ಮವಿಭೂಷಣ ಕೊಟ್ಟರು, ಅವರು ತೀರಿಕೊಂಡ ಮೇಲೆ.

ಐವತ್ತು ವರ್ಷ ದಾಟಿದೆ, ನಮ್ಮ ತಾಲ್ಲೂಕಿನಲ್ಲಿ ಇವತ್ತಿಗೂ ಭೇದಿ ಅಂದರೆ ಜನ ಕೇಳುವುದು "ಗ್ಲೂಕೋಸ್ ಬಾಟ್ಲಿ ಹಚ್ರಿ" ಅಂತ. ಒಆರ್‌ಎಸ್ ಪೊಟ್ಟಣ ಕೊಟ್ಟು ಕಳಿಸಿದ ಡಾಕ್ಟರು ಕೆಲಸಕ್ಕೆ ಬಾರದವರು, ಬಾಟಲಿ ಹಾಕಿದವರು ದೇವರು. ತೀರಾ ಸುಸ್ತಾಗಿ ಕುಡಿಯಲೂ ಆಗದವರಿಗೆ ನರಕ್ಕೇ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ, ಆದರೆ ಅವರಿಗೆ ಬೇಕಾದದ್ದೂ ಲವಣಗಳಿರುವ ರಿಂಗರ್ ಲ್ಯಾಕ್ಟೇಟ್ ಬಾಟಲಿ, ಬರೀ ಗ್ಲೂಕೋಸ್ ಅಲ್ಲ. ಉಳಿದವರಿಗೆ ಪೊಟ್ಟಣ ಸಾಕು. ಮಕ್ಕಳಿಗಾದರೆ ಜೊತೆಗೆ ಹತ್ತರಿಂದ ಹದಿನಾಲ್ಕು ದಿನ ಜಿಂಕ್ ಮಾತ್ರೆ.

ನಿಮ್ಮ ವರದಿಗಳಲ್ಲಿ ನಾನು ಮತ್ತೆ ಮತ್ತೆ ಓದುವ ಇನ್ನೊಂದು ಸಾಲಿದೆ: "ಕಾಲರಾ ಇಲ್ಲ ಎಂದು ಪರೀಕ್ಷೆಯಲ್ಲಿ ದೃಢಪಟ್ಟಿದೆ". ಲ್ಯಾಬಿನವನಾಗಿ ಹೇಳುತ್ತೇನೆ, ಈ ಸಾಲನ್ನು ಬರೆಯುವ ಮುಂಚೆ ಎರಡು ಪ್ರಶ್ನೆ ಕೇಳಿ. ಮಾದರಿ ತೆಗೆದದ್ದು ಆ್ಯಂಟಿಬಯೋಟಿಕ್ ಕೊಡುವ ಮೊದಲೋ ಆಮೇಲೋ? ಯಾವುದರಲ್ಲಿ ಕಳಿಸಿದರು? ನನ್ನ ನೌಕರಿಯಲ್ಲಿ ಎಷ್ಟೋ ಸಲ ಮಾದರಿ ಬಂದದ್ದು ಮರುದಿನ ಮಧ್ಯಾಹ್ನ, ಖಾಲಿ ಔಷಧದ ಬಾಟಲಿಯಲ್ಲಿ, ಅರ್ಧ ಒಣಗಿ. ರೋಗಿಗೆ ಆಗಲೇ ಮೂರು ಡೋಸು ಮಾತ್ರೆ ಹೋಗಿರುತ್ತಿತ್ತು. ಕ್ಯಾರಿ-ಬ್ಲೇರ್ ಎಂಬ ಮೆತ್ತನೆ ಅಗರ್ ಇರುವ ಸಣ್ಣ ಕೊಳವೆಯಲ್ಲಿ ಹಾಕಿದರೆ ರೋಗಾಣು ದಿನಗಟ್ಟಲೆ ಬದುಕಿರುತ್ತದೆ, ಫ್ರಿಜ್ಜೂ ಬೇಡ. ಅದಿಲ್ಲದೆ ಬಂದ ಮಾದರಿಯಲ್ಲಿ ಏನೂ ಬೆಳೆಯದಿದ್ದರೆ ನಾನು ಬರೆಯುತ್ತಿದ್ದದ್ದು "ಬೆಳೆಯಲಿಲ್ಲ" ಅಂತ. ಅದು ಮೇಲೆ ಮೇಲೆ ಹೋಗಿ ಪತ್ರಿಕೆಗೆ ಬರುವ ಹೊತ್ತಿಗೆ "ಇಲ್ಲ" ಆಗಿರುತ್ತಿತ್ತು. ಇವೆರಡು ಬೇರೆ ಬೇರೆ ಮಾತು. ಯಾರ ಕಚೇರಿ, ಯಾರ ಸಹಿ ಅಂತ ಎತ್ತಿ ಆಡುವ ಆಸೆ ಈಗ ನನಗಿಲ್ಲ.

2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಜನ ಸತ್ತರು. 2023ರಲ್ಲಿ ನಮ್ಮದೇ ಜಿಲ್ಲೆಯ ಬಸರಿಹಾಳ, ಬಿಜಕಲ್ ಊರುಗಳ ಹೆಸರು ವಾಂತಿಭೇದಿಯ ಸಾವಿಗಾಗಿ ಪತ್ರಿಕೆಯಲ್ಲಿ ಬಂತು. ಅವೆಲ್ಲ ಕಾಲರಾ ಅಂತ ನಾನು ಹೇಳುತ್ತಿಲ್ಲ, ನೀರಿನಲ್ಲಿ ಬರುವ ರೋಗಾಣು ಒಂದೆರಡಲ್ಲ. ಆದರೆ ಅವುಗಳಲ್ಲಿ ಯಾವುದೇ ಆಗಿರಲಿ, ಮನೆಯಲ್ಲಿ ಮೊದಲ ನಾಲ್ಕು ತಾಸಿನಲ್ಲಿ ಮಾಡಬೇಕಾದದ್ದು ಒಂದೇ. ಅದನ್ನು ನಿಮ್ಮ ಆರು ಸಾಲಿನ ಕೆಳಗೆ ಏಳನೇ ಸಾಲಾಗಿ ಹಾಕಲು ಕಷ್ಟವೇನು?

ನೀರಿನ ವಿಷಯಕ್ಕೂ ಒಂದು ಮಾತು. ನಮ್ಮವ್ವನ ಪಟಿಕ ಮಣ್ಣನ್ನು ಇಳಿಸುತ್ತಿತ್ತು, ತಿಳಿಯಾದ ನೀರಿನಲ್ಲಿ ರೋಗಾಣು ಇಲ್ಲ ಅಂತ ನಂಬುವ ಹಾಗಿಲ್ಲ. ಕುದಿಸಬೇಕು, ಗುಳ್ಳೆ ಕೊತಕೊತ ಎದ್ದ ಮೇಲೆ ಒಂದು ನಿಮಿಷ ಸಾಕು. ಹಾಗಂತ ಹಿಂದಿನವರ ರೂಢಿಯೆಲ್ಲ ದಂಡ ಅಲ್ಲ. ನಳಕ್ಕೆ ಅರಿವೆ ಕಟ್ಟುವುದನ್ನು ನೋಡಿ ಹೊಸ ಹುಡುಗರು ನಗುತ್ತಾರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಅವರ ತಂಡ ಹಳೆಯ ಸೀರೆಯನ್ನು ಮಡಿಕೆ ಮಾಡಿ ಹೊಳೆ ಕೆರೆಗಳ ನೀರು ಸೋಸಲು ಹೇಳಿ ಲೆಕ್ಕ ಇಟ್ಟಿತು, ಕಾಲರಾ 48 ಪರ್ಸೆಂಟ್ ಇಳಿಯಿತು ಅಂತ 2003ರಲ್ಲಿ ಪ್ರಕಟಿಸಿತು. ರೋಗಾಣು ಅರಿವೆಯಲ್ಲಿ ನುಸುಳಿಹೋಗುವಷ್ಟು ಸಣ್ಣದು, ಆದರೆ ಅದು ಸವಾರಿ ಮಾಡುವ ನೀರಿನ ಹುಳು ನುಸುಳುವುದಿಲ್ಲ. ನಾಲ್ಕು ಮಡಿಕೆ ಬೇಕು, ಹಳೆಯ ಹತ್ತಿ ಸೀರೆ ಬೇಕು. ಹಳತಾದಷ್ಟೂ ನೂಲು ಅರಳಿ ಸಂದು ಮುಚ್ಚುತ್ತದೆ. ಇದು ಕುದಿಸಲು ಸೌದೆಯಿಲ್ಲದವರ ಉಪಾಯ, ಕುದಿಸುವುದಕ್ಕೆ ಬದಲಿಯಲ್ಲ. ಈ ಸಾಲನ್ನೂ ದಯವಿಟ್ಟು ಕತ್ತರಿಸಬೇಡಿ, ಇಲ್ಲದಿದ್ದರೆ ನಾಳೆ ಗುಂಪಿನಲ್ಲಿ ಸೀರೆಯ ಸಂದೇಶ ಬರುತ್ತದೆ.

ಪತ್ರ ಉದ್ದವಾಯಿತು ಅಂತ ಗೊತ್ತು. ಜಾಗ ಸಾಲದಿದ್ದರೆ ನಿಮಗೆ ತಿಳಿದಂತೆ ಕತ್ತರಿಸಿ. ರಾಮಚಂದ್ರನ್ ಅವರನ್ನು ಕತ್ತರಿಸಿ, ನನಗೆ ಬೇಜಾರಾದರೂ ಸರಿ. ವೈರಸ್ಸಿನ ತಮಾಷೆ ಕತ್ತರಿಸಿ. ನನ್ನ ಸಿಟ್ಟನ್ನು ಧಾರಾಳವಾಗಿ ಕತ್ತರಿಸಿ. ಇದೊಂದು ಇರಲಿ: ಕುದಿಸಿ ಆರಿಸಿದ ನೀರು ಒಂದು ಲೀಟರ್, ಒಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಒಂದು. ಪೊಟ್ಟಣ ಇಲ್ಲದಿದ್ದರೆ ಅಷ್ಟೇ ನೀರಿಗೆ ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಹಾ ಚಮಚ, ಎರಡೂ ಮಟ್ಟಸವಾಗಿ, ತಲೆ ಎತ್ತಿದ ಚಮಚ ಅಲ್ಲ. ಗುಟುಕು ಗುಟುಕಾಗಿ ಕುಡಿಸುವುದು, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಉಪ್ಪು ಹಾಕಿದ ಅಕ್ಕಿ ಗಂಜಿಯೂ ಆಗುತ್ತದೆ, ಅದಕ್ಕೆ ನಮ್ಮೂರಲ್ಲಿ ಬರವಿಲ್ಲ. ಎದೆಹಾಲು ನಿಲ್ಲಿಸುವುದು ಬೇಡ. ಮಗು ಮಂಕಾದರೆ, ಕುಡಿಯಲು ಒಲ್ಲೆ ಅಂದರೆ, ತಾಸು ಕಾಯದೆ ಆಸ್ಪತ್ರೆಗೆ.

ಇದನ್ನು ಒಂದು ಚೌಕಟ್ಟು ಹಾಕಿ, ದಪ್ಪ ಅಕ್ಷರದಲ್ಲಿ, ಫೋಟೊ ತೆಗೆದರೆ ಮೊಬೈಲಿನಲ್ಲಿ ಓದಲು ಬರುವಷ್ಟು ದೊಡ್ಡದಾಗಿ ಹಾಕಿ. ನಮ್ಮ ಗುಂಪಿಗೆ ಅದನ್ನು ಕಳಿಸುವ ಕೆಲಸ ನನ್ನದು. ಹೆಸರು ಹಾಕಬೇಡಿ, ಎದುರುಮನೆಯವಳಿಗೆ ಸುಮ್ನೆ ಮುಜುಗರ.

ಇತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಗಂಗಾವತಿ